ಬಾಗಿದ ಗಾಜು, ಅಕ್ಕನ ರೇಷ್ಮೆ ಸೀರೆ

೧೯೭೪ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು ಮುಗಿದಿತ್ತು, ಹತ್ತಕ್ಕೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮೈಸೂರಿನಲ್ಲಿ ನಮ್ಮ ಮನೆಗೂ ಶಾಲೆಗೂ ನಡುವೆ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದಿತ್ತು. ಬರೀ ಇಂಜಿನ್ನು, ನಾಲ್ಕು ಚಕ್ರ, ಡ್ರೈವರ್ ಕೂರಲು ಒಂದು ಮರದ ಪೆಟ್ಟಿಗೆ, ಇಷ್ಟೇ ಆಗಿ ಒಳಗೆ ಹೋದದ್ದು ಎರಡು ತಿಂಗಳ ಮೇಲೆ ಕಿಟಕಿ ಹಾಕಿಸಿಕೊಂಡು, ಬಣ್ಣ ಹೊಡೆಸಿಕೊಂಡು, ಮದುವೆಗೆ ಹೊರಟವರ ಹಾಗೆ ಆಚೆ ಬರುತ್ತಿತ್ತು. ಅದನ್ನು ನೋಡುತ್ತ ನಿಂತು ಶಾಲೆಗೆ ತಡ ಮಾಡುತ್ತಿದ್ದವನು ಕೊನೆಗೆ ಶೆಡ್ಡಿನೊಳಕ್ಕೇ ಹೋಗಿಬಿಟ್ಟೆ. ನನ್ನ ಪಾಲಿಗೆ ಬಂದದ್ದು ಗಾಜಿನ ಕೆಲಸ. ಹದಿನೈದು ವರ್ಷ ಮಾಡಿದೆ, ಒಂದು ದಿನವೂ ಬೇಜಾರಾಗಲಿಲ್ಲ.

ನಮ್ಮ ಬಸ್ಸುಗಳ ಗಾಜೆಲ್ಲ ಚಪ್ಪಟೆ. ಮುಂದೆ ಎರಡು ಗಾಜು, ನಡುವೆ ಒಂದು ಕಡ್ಡಿ. ಪ್ಲೈವುಡ್ಡಿನಲ್ಲಿ ಮಾದರಿ ಕತ್ತರಿಸಿಕೊಂಡು, ಅದನ್ನು ಹಾಳೆ ಗಾಜಿನ ಮೇಲಿಟ್ಟು, ವಜ್ರದ ಮೊನೆಯಲ್ಲಿ ಗೀರಿದರೆ ಆಯಿತು. ಎಲ್ಲೋ ಒಂದೊಂದು ಬಸ್ಸಿನ ಹಿಂಬದಿ ಗುಂಡಗೆ ಬಂದರೆ ನಮ್ಮ ಮೇಸ್ತ್ರಿ ಟೇಪು ಹಿಡಿಯಲು ಬಿಡುತ್ತಿರಲಿಲ್ಲ. ‘ಟೇಪು ಅಲ್ಲಿ ಸುಳ್ಳು ಹೇಳ್ತದೆ, ದಾರ ಹಿಡಿ’ ಎನ್ನುತ್ತಿದ್ದ. ಹುರಿದಾರವನ್ನು ಆ ಬಾಗಿನ ಮೈಗೆ ಒತ್ತಿ ಹಿಡಿದು, ಎಲ್ಲಿ ಮುಗಿಯಿತೋ ಅಲ್ಲಿ ಗಂಟು. ಅಗಲಕ್ಕೊಂದು ಗಂಟು, ಎತ್ತರಕ್ಕೊಂದು ಗಂಟು. ಆ ದಾರವನ್ನು ಜೇಬಿನಲ್ಲಿ ಹಾಕಿಕೊಂಡು ಹೋದರೆ ಬಸ್ಸನ್ನೇ ಜೇಬಿನಲ್ಲಿಟ್ಟುಕೊಂಡ ಹಾಗೆ.

ಕಡಲು ದಾಟಿ ಷಾರ್ಲೆಟ್‌ಗೆ ಬಂದದ್ದು ೧೯೯೦ರಲ್ಲಿ. ಅಕ್ಕ ಅಷ್ಟು ಹೊತ್ತಿಗೆ ಅಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ್ದಳು. ಭಾವ ಸರ್ಜನ್. ತಮ್ಮನಿಗಾಗಿ ಅವಳು ಹಾಕಿದ್ದ ವೀಸಾ ಅರ್ಜಿ ಎಷ್ಟೋ ವರ್ಷ ಮಲಗಿದ್ದು ಆಮೇಲೆ ಎದ್ದಿತ್ತು. ಬಂದ ತಿಂಗಳಲ್ಲೇ ನಾನು ಕಾರಿನ ಗಾಜು ಹಾಕುವ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಕನ್ನಡದವರ ಹಬ್ಬದೂಟಕ್ಕೆ ಹೋದರೆ ಎಲ್ಲರದೂ ಒಂದೇ ಪ್ರಶ್ನೆ.

‘ಯಾವ ಕಂಪನೀಲಿದೀರಿ?’

‘ಗ್ಲಾಸ್ ಕಂಪನೀಲಿ.’

‘ಓ, ಫೈಬರ್ ಆಪ್ಟಿಕ್ಸಾ?’

‘ಅಲ್ಲ ಸಾರ್. ಹೈವೇಲಿ ಟ್ರಕ್ಕಿಂದ ಕಲ್ಲು ಹಾರಿ ನಿಮ್ಮ ವಿಂಡ್‌ಶೀಲ್ಡ್ ಬಿರುಕು ಬಿಡುತ್ತಲ್ಲ, ಆವಾಗ ನಾನು ಬರ್ತೀನಿ.’

ಕೇಳಿದವರು ತಟ್ಟೆ ನೋಡಿಕೊಂಡು ಆ ಕಡೆ ಸರಿಯುತ್ತಿದ್ದರು. ಆರು ತಿಂಗಳಲ್ಲಿ ಅವರಲ್ಲಿ ಅರ್ಧ ಜನ ನನ್ನ ಅಂಗಡಿಯ ಗಿರಾಕಿಗಳು. ಒಂದು ಗಾಜೂ ಸೋರಿಲ್ಲ.

ಭಾವನ ಗರಾಜಿನ ಅರ್ಧ ಜಾಗವನ್ನು ಟಾರ್ಪಾಲು ಹೊದ್ದ ಒಂದು ಕಾರು ಹಿಡಿದುಕೊಂಡಿತ್ತು. ಅದು ಅವರು ಈ ದೇಶಕ್ಕೆ ಬಂದು ಕೊಂಡ ಮೊದಲ ಕಾರು. ೧೯೫೭ರ ಮಾದರಿ, ಅವರ ಕೈಗೆ ಬರುವಾಗಲೇ ಹತ್ತು ವರ್ಷದ ಹಳತು. ಎಲ್ಲರೂ ತಮ್ಮ ಮೊದಲ ಕಾರನ್ನು ಮಾರಿ ಬೇರೆ ತೆಗೆದುಕೊಂಡರೂ ಭಾವ ಮಾರಲಿಲ್ಲ. ಒಂದು ಬಿರುಗಾಳಿಯಲ್ಲಿ ಪೈನ್ ಮರದ ಕೊಂಬೆ ಬಿದ್ದು ಮುಂದಿನ ಗಾಜು ಹೋಯಿತು. ಆಮೇಲೆ ಅದು ರಸ್ತೆಗಿಳಿಯಲಿಲ್ಲ. ಆದರೂ ಪ್ರತಿ ಭಾನುವಾರ ಭಾವ ಗರಾಜಿನ ಬಾಗಿಲು ತೆರೆದು, ಟಾರ್ಪಾಲು ಸರಿಸಿ, ಇಂಜಿನ್ ಚಾಲೂ ಮಾಡಿ, ಗಾಜಿಲ್ಲದ ಕಾರಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

ಆ ಟಾರ್ಪಾಲು ಮೊದಲ ಸಲ ಸರಿದಾಗ ನಾನು ಕಾರಿಗೆ ಮೂರು ಸುತ್ತು ಬಂದೆ. ಅದು ನಾಲ್ಕು ಬಾಗಿಲ ಹಾರ್ಡ್‌ಟಾಪ್. ಹಾಗೆಂದರೆ ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ಮೇಲ್ಛಾವಣಿಯನ್ನು ಹೊರುವ ಕಂಬವೇ ಇಲ್ಲ. ಬಾಗಿಲ ಗಾಜಿಗೆ ಸುತ್ತ ಚೌಕಟ್ಟೂ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಮುಂದಿನಿಂದ ಹಿಂದಿನವರೆಗೆ ಒಂದೇ ಬಯಲು, ಮೇಲೆ ತೇಲುವ ತಗಡು. ಮುಂದಿನ ಕಿಟಕಿಯ ಮೂಲೆಯಲ್ಲಿ ಅಂಗೈಯಷ್ಟು ತ್ರಿಕೋನದ ಇನ್ನೊಂದು ಗಾಜು. ಅದನ್ನು ತಿರುಗಿಸಿದರೆ ಓಡುವ ಕಾರಿನ ಗಾಳಿಯೆಲ್ಲ ನೇರ ಮುಖಕ್ಕೆ. ಅದಕ್ಕೆ ನಾನು ಕಿವಿ ಎಂದು ಹೆಸರಿಟ್ಟೆ. ಎಲ್ಲಕ್ಕಿಂತ ದೊಡ್ಡದು, ಅಲ್ಲಿ ಇಲ್ಲದೇ ಇದ್ದ ಮುಂದಿನ ಗಾಜು. ಅದು ಡ್ರೈವರ್ ಎದುರಿಗೆ ಇದ್ದು ಮೂಲೆಗೆ ಬಂದಲ್ಲಿ ನಿಲ್ಲುವುದಿಲ್ಲ. ಹೆಂಚಿನಿಂದ ಎತ್ತಿದ ದೋಸೆಯ ಅಂಚು ಮೇಲೇಳುವ ಹಾಗೆ ಬಾಗಿ, ಪಕ್ಕಕ್ಕೆ ಸುತ್ತಿ, ಬಾಗಿಲ ತನಕ ಬರುತ್ತದೆ. ಅದಕ್ಕೆ ಜಾಗ ಬಿಡಲೆಂದು ಪಕ್ಕದ ಕಂಬ ನಾಯಿಯ ಹಿಂಗಾಲಿನ ಹಾಗೆ ಮಂಡಿ ಮಡಚಿಕೊಂಡಿರುತ್ತದೆ. ಹತ್ತುವಾಗ ಆ ಮಂಡಿ ನಮ್ಮ ಮಂಡಿಗೆ ತಾಗದೆ ಬಿಡುವುದಿಲ್ಲ. ಗಾಜಿಗೋಸ್ಕರ ಮನುಷ್ಯನ ಮಂಡಿಯನ್ನು ಲೆಕ್ಕಕ್ಕಿಡದ ಆ ಡಿಸೈನ್ ಮಾಡಿದವನ ಧೈರ್ಯಕ್ಕೆ ಮೆಚ್ಚಿದೆ. ನಾನು ಹದಿನೈದು ವರ್ಷ ನಡುವೆ ಕಡ್ಡಿ ಇಟ್ಟು ಎರಡು ಚಪ್ಪಟೆ ಗಾಜು ಕೂರಿಸಿದವನು. ಅದೇ ಕೆಲಸವನ್ನು ಒಬ್ಬ ಹೀಗೂ ಯೋಚಿಸಿದ್ದನಲ್ಲ ಎಂದು ಆ ಖಾಲಿ ಅಂಚಿನ ಮೇಲೆ ಕೈಯಾಡಿಸಿದೆ.

೧೯೯೩ರ ಬೇಸಿಗೆಯಲ್ಲಿ ಅಕ್ಕ ಗುಡುಗಿದಳು. ಅಳಿಲು ಆ ಕಾರಿನ ಹಿಂದಿನ ಸೀಟಿನೊಳಗೆ ಮರಿ ಹಾಕಿತ್ತು.

‘ನನ್ನ ಕಾರು ಬಿಸಿಲಲ್ಲಿ, ಅಳಿಲು ಏರ್‌ಕಂಡೀಷನ್ನಲ್ಲಿ. ಸಾಕಪ್ಪ. ದಸರಾ ತನಕ ನೋಡ್ತೀನಿ. ಅಷ್ಟರೊಳಗೆ ಇದು ರಸ್ತೇಲಿ ಓಡಬೇಕು, ಇಲ್ಲ ಜಂಕ್‌ಯಾರ್ಡ್‌ನವನಿಗೆ ಫೋನ್ ಮಾಡ್ತೀನಿ. ಬಂದು ಎಳ್ಕೊಂಡು ಹೋಗ್ಲಿ.’

‘ಗಾಜು ಒಂದು ಸಿಕ್ಕಿದ್ರೆ ಓಡುತ್ತೆ ಕಣೇ’ ಎಂದರು ಭಾವ.

‘ಗಾಜಿದ್ದಾಗ ಏನು ಓಡಿತ್ತೋ ನಂಗೊತ್ತಿಲ್ವಾ? ಸೋರ್ತಿತ್ತು.’

ಆ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮದುವೆಯಾಗಿ ಅಕ್ಕ ಬಂದಿಳಿದದ್ದು ವಾಷಿಂಗ್ಟನ್ನಿನ ಏರ್‌ಪೋರ್ಟಿನಲ್ಲಿ. ಭಾವ ಅಲ್ಲಿಯವರೆಗೆ ಈ ಕಾರನ್ನೇ ಓಡಿಸಿಕೊಂಡು ಹೋಗಿ ಕರೆತಂದಿದ್ದರು. ವರ್ಜೀನಿಯಾ ದಾಟುವ ತನಕ ಮಳೆ. ಅಕ್ಕನ ಪಕ್ಕದ ಕಿವಿಗಾಜಿನಿಂದ ನೀರು ತೊಟ್ಟಿಕ್ಕಿ, ಅವಳ ಧಾರೆ ಸೀರೆ ಸೊಂಟದಿಂದ ಅಂಚಿನವರೆಗೆ ಬಣ್ಣ ಬಿಟ್ಟಿತ್ತು. ಇಪ್ಪತ್ತಮೂರು ವರ್ಷವಾದರೂ ಆ ಕಲೆ ಒಣಗಿರಲಿಲ್ಲ.

ಭಾವ ನನ್ನ ಮುಖ ನೋಡಿದರು. ನಾನು ‘ಆಗುತ್ತೆ ಬಿಡಿ ಭಾವ’ ಎಂದುಬಿಟ್ಟೆ.

‘ಏನಾಗುತ್ತೋ? ಸೋರದ ಹಾಗೂ ಆಗುತ್ತೇನೋ?’ ಅಕ್ಕ ನನ್ನ ಕಡೆ ತಿರುಗಿದಳು.

‘ಸೋರದ ಹಾಗೂ ಆಗುತ್ತೆ.’

‘ಸರಿ. ಆಯುಧಪೂಜೆ ದಿನ ರೇಷ್ಮೆ ಸೀರೆ ಉಟ್ಕೊಂಡು ಒಳಗೆ ಕೂತ್ಕೋತೀನಿ. ಮೇಲಿಂದ ನೀರು ಬಿಡಿಸ್ತೀನಿ. ಒಂದು ಹನಿ ನನ್ನ ಸೀರೆ ಮೇಲೆ ಬಿತ್ತೋ, ಮಾರನೇ ದಿನ ಕಾರು ಮನೇಲಿರಲ್ಲ.’

ಅಕ್ಕನ ಮಗಳು ಇಲ್ಲೇ ಹುಟ್ಟಿದವಳು, ಹದಿನೇಳು ವರ್ಷ. ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದವಳು ‘ಮಾಮ, ಅಮ್ಮ ಜೋಕ್ ಮಾಡ್ತಿಲ್ಲ, ಓಕೆ?’ ಎಂದು ಎಚ್ಚರಿಸಿದಳು.

ಪಕ್ಕದ ಕಿಟಕಿಗಳ ಕೆಲಸ ನನಗೆ ಹಬ್ಬದೂಟ. ಆ ಕಾಲದ ಪಕ್ಕದ ಗಾಜು ಚಪ್ಪಟೆ, ಎರಡು ಹಾಳೆ ಅಂಟಿಸಿದ್ದು. ಹಾಗಾಗಿ ಒಡೆದಿದ್ದ ಹಿಂದಿನ ಬಾಗಿಲ ಗಾಜೊಂದರ ಬದಲಿಗೆ ಹೊಸದನ್ನು ಮೈಸೂರಿನ ರೀತಿಯಲ್ಲೇ ಪ್ಲೈವುಡ್ ಮಾದರಿ ಇಟ್ಟು ಕತ್ತರಿಸಿದೆ. ಹೊಸ ರಬ್ಬರನ್ನು ಅಂಚೆಯಲ್ಲಿ ತರಿಸಿ ಸುತ್ತಲೂ ಕೂರಿಸಿದೆ. ಆದರೆ ಮುಂದಿನ ಗಾಜನ್ನು ಯಾರೂ ಕತ್ತರಿಸಿ ಮಾಡಲಾಗದು. ಅದು ಕಾರ್ಖಾನೆಯ ಕುಲುಮೆಯಲ್ಲಿ ಬಾಗಿಯೇ ಹುಟ್ಟಬೇಕು. ನನ್ನ ಅಂಗಡಿಯ ಯಜಮಾನ ಎರಡು ತಿಂಗಳು ಫೋನ್ ಮಾಡಿದರೂ ಆ ಮಾದರಿಯದು ಹೊಸದು ಸಿಗಲಿಲ್ಲ. ಕೊನೆಗೆ ಅಟ್ಲಾಂಟಾದ ಉತ್ತರಕ್ಕೆ ಒಂದು ಗಂಟೆ ದೂರದಲ್ಲಿ ಹಳೆ ಕಾರುಗಳ ಯಾರ್ಡ್ ಇಟ್ಟಿದ್ದ ಮುದುಕನೊಬ್ಬ ‘ಇದೆ, ಬನ್ನಿ’ ಎಂದ.

ಹೊರಡುವ ಮುಂಚೆ ನಾನು ಕಾರಿನ ಮುಂದಿನ ಬಾಯಿಗೆ ದಾರ ಹಿಡಿದೆ. ಈ ಕಂಬದ ಮಂಡಿಯಿಂದ ಆ ಕಂಬದ ಮಂಡಿಗೆ ಸುತ್ತಿಸಿ ಒಂದು ಗಂಟು. ನಟ್ಟನಡುವೆ ಕೆಳಗಿನಿಂದ ಮೇಲಕ್ಕೆ ಇನ್ನೊಂದು ಗಂಟು.

‘ವರ್ಷ ಗೊತ್ತು, ಮಾಡಲ್ ಗೊತ್ತು, ದಾರ ಯಾಕಯ್ಯ?’ ಭಾವ ಕೇಳಿದರು.

‘ನೀವು ರಿಪೋರ್ಟ್ ಇದ್ರೂ ಹೊಟ್ಟೆ ಒತ್ತಿ ನೋಡಲ್ವಾ ಭಾವ?’

ಅವರು ದಾರವನ್ನು ಮಡಚಿ ನನ್ನ ಜೇಬಿಗೆ ತುರುಕಿದರು.

ಅಂಗಡಿಯ ವ್ಯಾನು ಕೇಳಿ ತೆಗೆದುಕೊಂಡು ಶನಿವಾರ ಬೆಳಿಗ್ಗೆ ನಾನೂ ಭಾವನೂ ಹೊರಟೆವು. ಆ ಯಾರ್ಡು ಒಂದು ಪೈನ್ ಕಾಡು. ಮರಗಳ ನಡುವೆ ಸಾಲುಸಾಲು ಕಾರು, ಒಂದೊಂದರ ಮೇಲೂ ಬಳ್ಳಿ. ನಾನು ಕಾರು ನೋಡಲಿಲ್ಲ, ಗಾಜು ನೋಡಿದೆ. ನಡುವೆ ಕಡ್ಡಿ ಇಟ್ಟ ಎರಡು ತುಂಡಿನವು, ಥೇಟ್ ನಮ್ಮ ಬಸ್ಸು. ಅದರ ಪಕ್ಕ ಸ್ವಲ್ಪವೇ ಬಾಗಿದ ಒಂದೇ ತುಂಡಿನವು. ಮುಂದಿನ ಸಾಲಿನಲ್ಲಿ ಪಕ್ಕಕ್ಕೆ ಸುತ್ತಿದವು. ಒಂದು ಕಾರಿನಲ್ಲಂತೂ ಗಾಜು ಪಕ್ಕಕ್ಕೂ ಬಾಗಿ ಮೇಲೆ ಛಾವಣಿಯ ಕಡೆಗೂ ಬಾಗಿತ್ತು. ಹಿಂದಿನ ಗಾಜು ಒಳಮುಖವಾಗಿ ವಾಲಿ, ಗುಂಡಿ ಒತ್ತಿದರೆ ಇಳಿಯುವಂಥ ಕಾರೊಂದನ್ನು ಕಂಡು ನಾನು ಅದರ ಮುಂದೆ ಕೂತೇಬಿಟ್ಟೆ. ಹದಿನೈದು ವರ್ಷದಲ್ಲಿ ಗಾಜು ಏನೇನು ಕಲಿತಿತ್ತೋ ಎಲ್ಲ ಅಲ್ಲಿ ಸಾಲಾಗಿ ನಿಂತಿತ್ತು. ನಾನೂ ಅಷ್ಟೇ ವರ್ಷ ಗಾಜಿನ ಜೊತೆ ಇದ್ದೆ, ಆದರೆ ನಮ್ಮ ಶೆಡ್ಡಿನ ಗಾಜು ಅಲ್ಲಾಡಿರಲಿಲ್ಲ.

‘ಎದ್ದೇಳಯ್ಯ, ಇದು ಮ್ಯೂಸಿಯಂ ಅಲ್ಲ’ ಎಂದು ಭಾವ ರಟ್ಟೆ ಹಿಡಿದು ಎಬ್ಬಿಸಿದರು.

ಮುದುಕ ತೋರಿಸಿದ ಕಾರು ಅದೇ ವರ್ಷದ್ದು, ಅದೇ ಕಂಪನಿಯದು, ನಾಲ್ಕು ಬಾಗಿಲು. ಗಾಜಿನಲ್ಲಿ ಒಂದು ಗೀರಿಲ್ಲ. ಭಾವ ಆಗಲೇ ಅದರ ಬಾನೆಟ್ ಮೇಲೆ ಕೈಯಿಟ್ಟು ನಗುತ್ತಿದ್ದರು. ನಾನು ದಾರ ತೆಗೆದೆ. ಅಗಲದ ಗಂಟು ಸರಿಯಾಗಿ ಬಂತು. ಎತ್ತರದ ಗಂಟು ಮೇಲಿನ ಅಂಚಿಗೆ ಒಂದು ಬೆರಳು ಕೆಳಗೇ ನಿಂತಿತು. ಮತ್ತೆ ಹಿಡಿದೆ. ಮತ್ತೆ ಒಂದು ಬೆರಳು.

‘ಇದಲ್ಲ’ ಎಂದೆ.

‘ಇದೇ’ ಎಂದ ಮುದುಕ. ‘ಅದು ಹುಟ್ಟೋಕೂ ಮುಂಚಿನಿಂದ ನಾನು ಕಾರು ಮಾರ್ತಾ ಇದೀನಿ, ಸನ್.’

‘ಒಂದು ಬೆರಳು ತಾನೆ, ಉಜ್ಜಿ ಇಳಿಸೋಕೆ ಬರಲ್ವಾ?’ ಭಾವ ನನ್ನ ಕಿವಿಯಲ್ಲಿ ಕೇಳಿದರು.

‘ಭಾವ, ಇದು ಉಗುರಲ್ಲ.’

ನಾನು ಆ ಕಾರನ್ನು ಒಂದು ಸುತ್ತು ಹಾಕಿದೆ. ಆಗ ಹೊಳೆಯಿತು. ಇದಕ್ಕೆ ಬಾಗಿಲುಗಳ ನಡುವೆ ಕಂಬ ಇತ್ತು. ಇದು ಸಾಧಾರಣ ಸೆಡಾನ್. ಇದರ ಛಾವಣಿಯೇ ಎತ್ತರ. ಭಾವನ ಕಾರು ಬಟ್ಟೆ ಛಾವಣಿಯ ಕಾರಿನ ಹಾಗೆ ಕಾಣಲಿ ಎಂದು ತಗ್ಗಿಸಿ ಮಾಡಿದ್ದು. ಹಾಗಿದ್ದರೆ ಗಾಜನ್ನು ಹುಡುಕಬೇಕಾದದ್ದು ಬಟ್ಟೆ ಛಾವಣಿಯ ಕಾರಿನಲ್ಲಿ.

‘ಕನ್ವರ್ಟಿಬಲ್ ಇದೆಯಾ?’

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. ‘ಇದೆ. ಆದ್ರೆ ಅದು ನಿಮ್ಮದಲ್ಲ, ಅದೇ ಕಂಪನಿಯ ಇನ್ನೊಂದು ಹೆಸರಿನ ಗಾಡಿ. ಕೊನೇ ಸಾಲು. ಹಾವಿದೆ ನೋಡ್ಕೊಳ್ಳಿ.’

ಬಟ್ಟೆಯೆಲ್ಲ ಕೊಳೆತು, ನೆಲದ ತೂತಿನಿಂದ ಒಂದು ಮರ ಎದ್ದು ಹಿಂದಿನ ಸೀಟಿನಲ್ಲಿ ಪ್ರಯಾಣಿಕನ ಹಾಗೆ ನಿಂತಿತ್ತು. ಗಾಜಿನ ಮೇಲೆ ಬೆರಳು ದಪ್ಪ ಎಲೆಕೊಳೆ. ಅಂಗಿಯ ತೋಳಿನಿಂದ ಒರೆಸಿದೆ. ದಾರ ಹಿಡಿದೆ. ಅಗಲ ಸರಿ. ಎತ್ತರದ ಗಂಟು ಅಂಚಿನ ಮೇಲೇ ಬಂದು ಕೂತಿತು.

ನಾನು ಶಿಳ್ಳೆ ಹೊಡೆದೆ. ಸರ್ಜನ್ ಭಾವನೂ ಹೊಡೆದರು. ಅವರಿಗೆ ಶಿಳ್ಳೆ ಬರುತ್ತದೆಂದು ಅಕ್ಕನಿಗೂ ಗೊತ್ತಿರಲಿಲ್ಲ.

ಹಳೆ ರಬ್ಬರನ್ನು ಸುತ್ತಲೂ ಕೊಯ್ದು, ಒಳಗಿನಿಂದ ಅಂಗೈಯಲ್ಲಿ ಒತ್ತಿ ಒತ್ತಿ ಬಿಡಿಸಿ, ಮೂವರೂ ಸೇರಿ ಎತ್ತಿದೆವು. ಮಧ್ಯಾಹ್ನವೆಲ್ಲ ಅದಕ್ಕೇ ಹಿಡಿಯಿತು. ವ್ಯಾನಿನಲ್ಲಿ ಭಾವ ಒಂದು ಕೌದಿ ಹಾಸಿದರು. ನಮ್ಮಮ್ಮ ತನ್ನ ಹಳೆ ಸೀರೆಗಳನ್ನೆಲ್ಲ ಸೇರಿಸಿ ಕೈಯಲ್ಲಿ ಹೊಲಿದು ಅಕ್ಕನಿಗೆ ಕಳಿಸಿದ್ದ ಕೌದಿ ಅದು.

‘ಭಾವ, ಇದನ್ನ ಅಕ್ಕನ್ನ ಕೇಳಿ ತಂದ್ರಾ?’

‘ನೀನು ಗಾಜು ನೋಡ್ಕೊ.’

ವಾಪಸು ಬರುವಾಗ ನಾನು ಹಿಂದೆ ಕೂತು, ಕೌದಿ ಸುತ್ತಿದ ಗಾಜನ್ನು ಎರಡು ತೋಳಿನಲ್ಲೂ ತಬ್ಬಿ ಹಿಡಿದಿದ್ದೆ. ಭಾವ ಹೈವೇಯ ಬಲತುದಿಯಲ್ಲಿ ಎತ್ತಿನ ಗಾಡಿಯ ಹಾಗೆ ಓಡಿಸಿದರು. ಟ್ರಕ್ಕಿನವರು ಹಾರ್ನ್ ಹೊಡೆದು ಬೈದು ಹೋದರು. ‘ಪೀಚ್ ಟ್ಯಾಂಕ್ ಬಂತು’ ಎಂದು ಭಾವ ಕೂಗಿದಾಗ ಕತ್ತು ಚಾಚಿ ನೋಡಿದೆ. ದಕ್ಷಿಣ ಕೆರೊಲಿನಾದಲ್ಲಿ ಪೀಚ್ ಹಣ್ಣಿನ ಆಕಾರದಲ್ಲಿ ಕಟ್ಟಿದ ನೀರಿನ ಟ್ಯಾಂಕು ಅದು. ನಾನು ಕೌದಿಯ ಅಂಚು ಸರಿಸಿ ಅದನ್ನು ಆ ಬಾಗಿದ ಗಾಜಿನ ಮೂಲೆಯೊಳಗಿಂದ ನೋಡಿದೆ. ಹಣ್ಣು ಉದ್ದವಾಗಿ ಬಾಳೆಕಾಯಿಯಾಗಿತ್ತು. ಒಬ್ಬನೇ ನಕ್ಕೆ.

ಮನೆಯಲ್ಲಿ ಅಕ್ಕ ಮೊದಲು ನೋಡಿದ್ದು ಗಾಜನ್ನಲ್ಲ.

‘ನಮ್ಮಮ್ಮನ ಕೌದಿ ಅಲ್ವೇನೋ ಇದು?’

‘ಅಮ್ಮ ಹೊಲಿದಿದ್ದಕ್ಕೇ ಅಕ್ಕ, ಗಾಜು ಒಡೀದೆ ಬಂತು’ ಎಂದೆ. ಅವಳು ಕೌದಿ ಕಿತ್ತುಕೊಂಡು ಒಳಗೆ ಹೋದಳು.

ಕೂರಿಸಿದ್ದು ಆಯುಧಪೂಜೆಯ ಹಿಂದಿನ ದಿನ. ಇದರ ರೀತಿ ಹೀಗೆ. ಗಾಜಿನ ಸುತ್ತ ಮೊದಲು ರಬ್ಬರು ತೊಡಿಸಬೇಕು. ಆ ರಬ್ಬರಿನ ತುಟಿಯೊಳಗೆ ಸುತ್ತಲೂ ಒಂದು ಹಗ್ಗ ಹುದುಗಿಸಬೇಕು. ಸೋಪಿನ ನೀರು ಬಳಿದು ಗಾಜನ್ನು ಹೊರಗಿನಿಂದ ಬಾಯಿಗೆ ಆನಿಸಬೇಕು. ಒಳಗೆ ಕೂತವರು ಹಗ್ಗವನ್ನು ಮೆಲ್ಲಗೆ ಎಳೆಯುತ್ತ ಬಂದರೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಗೆ ಕಚ್ಚಿಕೊಳ್ಳುತ್ತದೆ. ಹೊರಗಿನವನು ಅದೇ ಜಾಗದಲ್ಲಿ ಅಂಗೈಯಿಂದ ಒತ್ತಬೇಕು. ಒಳಗಿನವರ ಕೈ, ಹೊರಗಿನವನ ಕೈ, ಎರಡೂ ಒಟ್ಟಿಗೆ ನಡೆಯಬೇಕು. ಒಂದು ಮುಂದೆ ಹೋದರೆ ಗಾಜು ಹೋಯಿತು, ಅದರ ಜೊತೆ ಕಾರೂ ಹೋಯಿತು. ಇನ್ನೊಂದು ಗಾಜು ತರಲು ದಿನ ಉಳಿದಿರಲಿಲ್ಲ.

‘ಹೊಲಿಗೆ ಬಿಚ್ಚೋ ಥರ ಎಳೀರಿ ಭಾವ. ಪೇಷೆಂಟ್ ಎಚ್ಚರ ಇದಾನೆ ಅಂತ ತಿಳ್ಕೊಳ್ಳಿ.’

‘ಎಚ್ಚರ ಇರೋ ಪೇಷೆಂಟ್ ಇಷ್ಟು ಮಾತಾಡಲ್ಲ. ಒತ್ತು ನೀನು.’

ಕೆಳಗಿನ ಅಂಚು ಸಲೀಸಾಗಿ ಬಂತು. ಬಲಮೂಲೆಯ ಬಾಗಿನಲ್ಲಿ ಹಗ್ಗ ಸಿಕ್ಕಿಕೊಂಡಿತು. ಭಾವ ಸ್ವಲ್ಪ ಎಳೆದರು. ಗಾಜು ಕಿರ್ ಎಂದಿತು.

‘ನಿಲ್ಲಿಸಿ.’

ಇಬ್ಬರೂ ಹಾಗೇ ನಿಂತೆವು. ಗಾಜಿನ ಆ ಕಡೆ ಭಾವನ ಮುಖ, ಈ ಕಡೆ ನನ್ನದು, ನಡುವೆ ಒಂದು ಗೇಣೂ ಇಲ್ಲ. ಅವರ ಹಣೆಯ ಬೆವರು ಕಾಣುತ್ತಿತ್ತು. ಭಾವ ಒಳಗಿನಿಂದ ಬ್ರೇಕು ಸಡಿಲಿಸಿದರು, ನಾನು ಗಾಜಿಗೆ ಕೈಯಾನಿಸಿಕೊಂಡೇ ಕಾರನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆ, ಮೂತಿ ಬಿಸಿಲಿಗೆ ಬರುವ ಹಾಗೆ ನಿಲ್ಲಿಸಿದೆವು. ರಬ್ಬರು ಕೈಗೆ ಮೆತ್ತಗಾಗುವ ತನಕ ಗಾಜನ್ನು ಹಿಡಿದುಕೊಂಡೇ ಕಾದೆವು. ಆಮೇಲೆ ಇನ್ನಷ್ಟು ಸೋಪಿನ ನೀರು. ಕೂದಲೆಳೆ, ಕೂದಲೆಳೆ ಎಂದು ಎಳೆದರು. ಮಂಡಿ ತಿರುಗಿ ಹಗ್ಗ ಮೇಲಕ್ಕೆ ಹತ್ತಿತು. ಕೊನೆಯ ತುಂಡು ಈಚೆ ಬಂದು ಭಾವನ ಮಡಿಲಿಗೆ ಬಿದ್ದಾಗ ಗಾಜು ಒಂದು ಸಣ್ಣ ಸದ್ದು ಮಾಡಿ ತನ್ನ ಜಾಗದಲ್ಲಿ ಕೂತಿತು. ಬಸ್ಸಿನಲ್ಲಿ ಸೀಟು ಸಿಕ್ಕಿದವರು ಬಿಡುವ ಉಸಿರಿನ ಹಾಗೆ.

ಮಾರನೇ ಬೆಳಿಗ್ಗೆ ಅಕ್ಕ ಹಸಿರು ಮೈಸೂರು ರೇಷ್ಮೆ ಉಟ್ಟು ಈಚೆ ಬಂದಳು. ವಿಯೆಟ್ನಾಮಿನವರ ಅಂಗಡಿಯಿಂದ ತಂದ ಬೂದುಗುಂಬಳಕಾಯಿಯನ್ನು ಮೆಟ್ಟಿಲ ಮೇಲಿಟ್ಟಳು.

‘ಹನಿ ಬೀಳದಿದ್ರೆ ಇದು ಕಾರಿಗೆ. ಬಿದ್ರೆ ಮಜ್ಜಿಗೆಹುಳಿಗೆ.’

ಮುಂದಿನ ಸೀಟಿನಲ್ಲಿ, ವಾಷಿಂಗ್ಟನ್ನಿನಿಂದ ಬರುವಾಗ ಕೂತಿದ್ದ ಜಾಗದಲ್ಲೇ, ನೆರಿಗೆ ಹರಡಿಕೊಂಡು ಕೂತಳು. ಮಂಡಿ ಕಂಬಕ್ಕೆ ತಾಗಿತು. ‘ಇದಿನ್ನೂ ಬುದ್ಧಿ ಕಲ್ತಿಲ್ಲ’ ಎಂದಳು. ನಾನು ಸ್ಟೀರಿಂಗ್ ಮುಂದೆ ಕೂತೆ. ಎಲ್ಲ ಗಾಜೂ ಏರಿಸಿದೆವು. ಅವಳ ಮಗಳು ಹೊರಗೆ ತೋಟದ ಪೈಪು ಹಿಡಿದಳು.

ನೀರು ಮೊದಲು ಮುಂದಿನ ಗಾಜಿನ ಮೇಲೆ ಬಂತು. ಬಾಗಿದ ಆ ಗಾಜಿನ ಮೇಲೆ ನೀರು ನಿಲ್ಲಲಿಲ್ಲ, ಎರಡು ಪಕ್ಕಕ್ಕೂ ಸೆರಗು ಹಾರಿದ ಹಾಗೆ ಹರಿದು ಹೋಯಿತು. ಹೊರಗೆ ಭಾವ ಕೈಕಟ್ಟಿ ನಿಂತಿದ್ದರು. ಆ ನೀರಿನೊಳಗೆ ಅವರು ಒಮ್ಮೆ ಗಿಡ್ಡವಾಗಿ, ಒಮ್ಮೆ ಉದ್ದವಾಗಿ ಕಾಣುತ್ತಿದ್ದರು. ಒಳಗೆ ಹನಿಯಿಲ್ಲ. ಛಾವಣಿ, ಹನಿಯಿಲ್ಲ. ಹಿಂದಿನ ಕಿಟಕಿ, ಕಂಬವಿಲ್ಲದ ಆ ಸಂದು, ಎಲ್ಲಿಯೂ ಇಲ್ಲ. ನನಗೆ ಕೂಗಿಬಿಡುವ ಹಾಗಾಗಿತ್ತು. ಪೈಪು ಅಕ್ಕನ ಪಕ್ಕದ ಕಿವಿಗಾಜಿಗೆ ಬಂತು. ಅವಳು ಅದನ್ನೇ ನೋಡುತ್ತ ಕೂತಳು. ನಾನೂ.

ಗಾಜಿನ ಕೆಳತುದಿಯಲ್ಲಿ ಒಂದು ಹನಿ ಹುಟ್ಟಿತು. ದಪ್ಪಗಾಯಿತು. ನಡುಗಿ, ಬಿತ್ತು. ಬಿದ್ದದ್ದು ಅವಳ ತೊಡೆಯ ಮೇಲಿದ್ದ ಕೈಯ ಮೇಲೆ, ಬಳೆಗಳ ಪಕ್ಕದಲ್ಲಿ.

ಅಕ್ಕ ಆ ಹನಿಯನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಹೊರಗಿನ ಭಾವನನ್ನು ಅವಳು ಒಂದು ಸಲ ನೋಡಿ, ಇನ್ನೊಂದು ಕೈಯಿಂದ ಆ ಹನಿಯನ್ನು ಒರೆಸಿ ಹಾಕಿದಳು. ಬೆರಳನ್ನು ಸೆರಗಿಗಲ್ಲ, ಸೀಟಿಗೆ ಉಜ್ಜಿದಳು.

‘ಎಷ್ಟು ಸೆಕೆನೋ ಇದರೊಳಗೆ’ ಎಂದಳು. ‘ಕೈಯೆಲ್ಲ ಬೆವರು.’

ಅವಳು ಗಾಜು ಬಡಿದು ಮಗಳಿಗೆ ‘ಸಾಕು, ನಿಲ್ಸೇ’ ಎಂದಳು. ಇಳಿದು, ಸೀರೆಯನ್ನು ಮುಂದೆ ಹಿಂದೆ ಹಿಡಿದು ಎಲ್ಲರಿಗೂ ತೋರಿಸಿದಳು. ಎಲ್ಲೂ ಕಲೆಯಿಲ್ಲ. ಭಾವ ಮುಖ ಆಚೆ ತಿರುಗಿಸಿಕೊಂಡು ಕನ್ನಡಕ ಒರೆಸಿದರು.

ಅಕ್ಕ ಗಾಜಿಗೆ ವಿಭೂತಿ ಎಳೆದು ಕುಂಕುಮ ಇಟ್ಟಳು. ಕರ್ಪೂರದ ತಟ್ಟೆಯನ್ನು ನಾನು ಗಾಜಿನ ಹತ್ತಿರ ಬಿಡಲಿಲ್ಲ. ತಣ್ಣೀರು ಕುಡಿದ ಗಾಜಿಗೆ ಬೆಂಕಿ ಆಗದು, ದೂರದಿಂದಲೇ ಬೆಳಗು ಎಂದೆ. ಕುಂಬಳಕಾಯಿಯನ್ನೂ ರಸ್ತೆಯ ಆ ತುದಿಯಲ್ಲಿ ಒಡೆಸಿದೆ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟೆವು. ನಾಲ್ಕೂ ಗಾಜು ಇಳಿಸಿದೆವು, ಸ್ಟೀರಿಂಗ್ ಹಿಡಿದವರು ಭಾವ. ಎರಡು ಬೀದಿ ದಾಟುವಷ್ಟರಲ್ಲಿ ಅಕ್ಕನ ಸೆರಗು ಹಾರಿ ಹಿಂದೆ ಕೂತ ನನ್ನ ಮುಖದ ಮೇಲೆ ಬಂತು. ಅವಳು ಕಿವಿಗಾಜನ್ನು ತಿರುಗಿಸಿ ಗಾಳಿಗೆ ಮುಖ ಕೊಟ್ಟು ಕಣ್ಣು ಮುಚ್ಚಿದ್ದಳು.

ಮಾರನೇ ದಿನ ನಾನು ಆ ಕಿವಿಗಾಜಿನ ರಬ್ಬರನ್ನು ಯಾರಿಗೂ ಹೇಳದೆ ಬದಲಾಯಿಸಿದೆ. ಅಕ್ಕ ಜಂಕ್‌ಯಾರ್ಡ್‌ಗೆ ಫೋನ್ ಮಾಡಲಿಲ್ಲ. ಅವಳ ಕಾರು ಈಗಲೂ ಬಿಸಿಲಿನಲ್ಲೇ ನಿಲ್ಲುತ್ತದೆ. ಆ ಕಾರನ್ನು ರಸ್ತೆಯಲ್ಲಿ ಕಂಡವರು ಭಾವನನ್ನು ನಿಲ್ಲಿಸಿ ಗಾಜು ಹಾಕಿದವರು ಯಾರೆಂದು ಕೇಳತೊಡಗಿದರು. ಮೂರು ವರ್ಷದ ಮೇಲೆ ನಾನು ನನ್ನದೇ ಶೆಡ್ಡು ಮಾಡಿದೆ, ಬರೀ ಹಳೆ ಕಾರುಗಳ ಗಾಜಿಗೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಶೆಡ್ಡು, ಒಂದು ವ್ಯಾನು, ಕೆಲಸಕ್ಕೆ ಇಬ್ಬರು, ನಿಲ್ಲಿಸಿಟ್ಟ ಬಾಗಿದ ಗಾಜು ಹನ್ನೊಂದು, ಗಂಟು ಹಾಕಿದ ದಾರ ನಲವತ್ತು, ಅಕ್ಕ ತಾನೇ ತಂದುಕೊಟ್ಟ ಅಮ್ಮನ ಕೌದಿ ಒಂದು.